ಅತ್ತಿಮಬ್ಬೆಯ ಉತಾರ

ಆರು ವರ್ಷದ ಹಿಂದಿನ ಮಾತು. ಅವ್ವ ಮೊದಲೇ ಹೋಗಿದ್ದಳು, ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ವಾರಸಾ ಹಚ್ಚಿದಾಗ ಉತಾರದಲ್ಲಿ ನನ್ನ ಹೆಸರಿನ ಜೊತೆಗೆ ಇಬ್ಬರು ಅಕ್ಕಂದಿರ ಹೆಸರೂ ಬಂದಿತ್ತು. ಉತಾರ ಅಂದರೆ ಮೈಸೂರು ಕಡೆಯವರು ಪಹಣಿ ಎನ್ನುವ ಕಾಗದ. ಹೊಲದ ಒಡೆಯರು ಯಾರು ಎಂದು ಹೇಳುವ ಆ ಒಂದು ಹಾಳೆಯಲ್ಲಿ ಅಕ್ಕಂದಿರ ಹೆಸರು ಇರುವುದು ಚೆಂದವಲ್ಲ ಎಂದು ಹಿರಿಯರು ಹೇಳಿದರು. ನಾನೂ ಹೌದೆಂದೆ. ಒಬ್ಬಾಕಿ ಮುಂಡರಗಿ ಕಡೆಯಿಂದ ಬಂದಳು, ಇನ್ನೊಬ್ಬಾಕಿ ಶಿರಹಟ್ಟಿ ತಾಲ್ಲೂಕಿನ ತನ್ನ ಗಂಡನ ಊರಿನಿಂದ ಎರಡು ಬಸ್ಸು ಬದಲಿಸಿ ಬಂದಳು. ನೋಂದಣಿ ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ಕೂತು ಇಬ್ಬರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಮನೆಗೆ ಬಂದ ಮೇಲೆ ಅವರ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ, ಒಂದೊಂದು ಇಳಕಲ್ ಸೀರೆ ಕೊಟ್ಟೆವು.

ಪತ್ರ ಬರೆದುಕೊಟ್ಟವನು ಹಾಳೆ ಮಡಚುತ್ತ ಒಂದು ಮಾತು ಹೇಳಿದ: "ಅತ್ತಿಮಬ್ಬಿ ಸೀಮಿ ಹೆಣ್ಮಕ್ಳು ನೋಡ್ರಿ. ಕೊಡೂದರಾಗ ಹಿಂದ ಬೀಳೂದಿಲ್ಲ." ಎಲ್ಲರೂ ನಕ್ಕರು. ಅಕ್ಕಂದಿರೂ ನಕ್ಕರು. ಕನ್ನಡ ಎಂ.ಎ. ಓದಿದವನು ನಾನೊಬ್ಬನೇ ಇದ್ದೆ, ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಸಾವಿರ ವರ್ಷದ ಹಿಂದಿನ ಒಬ್ಬ ಹೆಣ್ಣಿನ ಹೆಸರು ನಮ್ಮೂರಿನ ಜನರ ಬಾಯಲ್ಲಿ ಇನ್ನೂ ಇದೆಯಲ್ಲ ಎಂದು ಹೆಮ್ಮೆಯಾಗಿತ್ತು.

ಆ ಹೆಮ್ಮೆ ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ. ಆ ಮಾತು ತಮಾಷೆಯಲ್ಲ, ನಾವು ಅತ್ತಿಮಬ್ಬೆಯನ್ನು ಓದುತ್ತಾ ಬಂದಿರುವ ಕ್ರಮದ ಸಾರಾಂಶ. ಅವಳು ಕೊಟ್ಟಳು ಎಂಬುದನ್ನು ಮಾತ್ರ ನೆನಪಿಟ್ಟುಕೊಂಡೆವು. ಕೊಡಲಿಕ್ಕೆ ಅವಳ ಬಳಿ ಇತ್ತು ಎಂಬುದನ್ನು ಮರೆತೆವು. ಈ ಮರೆವು ಮುಗ್ಧವಾದದ್ದಲ್ಲ ಎಂಬುದೇ ನನ್ನ ತಕರಾರು.

ಶಾಲೆಯ ಪ್ರಬಂಧದಿಂದ ವೇದಿಕೆಯ ಭಾಷಣದವರೆಗೆ ನಮಗೆ ಸಿಗುವ ಅತ್ತಿಮಬ್ಬೆ ಯಾವ ತರಹದವಳು? ಬಿಳಿ ಸೀರೆ ಉಟ್ಟ, ತಲೆ ತಗ್ಗಿಸಿದ, ಕೈಯಲ್ಲಿ ಜಿನಬಿಂಬ ಹಿಡಿದ ವಿಧವೆ. ಗಂಡ ಸತ್ತ ಮೇಲೆ ಲೌಕಿಕದ ಆಸೆ ತೊರೆದು ದಾನ ಧರ್ಮ ಮಾಡಿದವಳು. ಅವಳು ದೇವರ ಬಿಂಬ ಹಿಡಿದು ನಿಂತರೆ ಗೋದಾವರಿಯ ಪ್ರವಾಹ ನಿಂತಿತು ಎಂಬ ಪವಾಡವೂ ಜೊತೆಗಿದೆ. ದಾನಚಿಂತಾಮಣಿ ಎಂಬ ಬಿರುದು ಅವಳ ಹೆಸರಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಬಿರುದಿಲ್ಲದೆ ಆ ಹೆಸರನ್ನು ಹೇಳುವುದೇ ನಮಗೆ ಅಭ್ಯಾಸ ತಪ್ಪಿದೆ. ರಾಜ್ಯ ಸರ್ಕಾರ ಮಹಿಳೆಯರಿಗೆ ಕೊಡುವ ದೊಡ್ಡ ಪ್ರಶಸ್ತಿಯ ಹೆಸರಿನಲ್ಲೂ ಅದೇ ಬಿರುದಿದೆ. ಬಿರುದನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಆಕೆಯ ಬದುಕನ್ನು ಆಸ್ತಿಯ ಲೆಕ್ಕದಲ್ಲಿ ಓದಿ ನೋಡೋಣ.

ಅತ್ತಿಮಬ್ಬೆಯ ಅಜ್ಜ ನಾಗಮಯ್ಯ, ವೆಂಗಿಮಂಡಲದ ಪುಂಗನೂರಿನವನು. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಈ ಅಣ್ಣತಮ್ಮಂದಿರು ತಮ್ಮ ಗುರು ಜಿನಚಂದ್ರದೇವನ ನೆನಪಿಗೆ ಪೊನ್ನನಿಂದ ಒಂದು ಕಾವ್ಯ ಬರೆಸಿದರು. ಅದೇ ಶಾಂತಿಪುರಾಣ. ಮಲ್ಲಪಯ್ಯನ ಮಗಳು ಅತ್ತಿಮಬ್ಬೆ, ಇನ್ನೊಬ್ಬ ಮಗಳು ಗುಂಡಮಬ್ಬೆ. ಇಬ್ಬರನ್ನೂ ಒಬ್ಬನಿಗೇ ಕೊಟ್ಟರು. ಅವನು ನಾಗದೇವ, ಚಾಲುಕ್ಯ ಎರಡನೆಯ ತೈಲಪನ ಮಂತ್ರಿ ಧಲ್ಲಪನ ಮಗ, ಸ್ವತಃ ದಂಡನಾಯಕ. ಅಂದರೆ ತವರೂ ದೊಡ್ಡದು, ಸೇರಿದ ಮನೆಯೂ ದೊಡ್ಡದು. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆಯನ್ನು ಮುಗಿಸಿ ತೈಲಪ ಹೊಸ ರಾಜ್ಯ ಕಟ್ಟಿದಾಗ, ಆ ಹೊಸ ಅಧಿಕಾರದ ನಡುಮನೆಯಲ್ಲೇ ಈ ಕುಟುಂಬ ಇತ್ತು. ಇಂದಿನ ಮಾತಿನಲ್ಲಿ ಹೇಳಿದರೆ ಅತ್ತಿಮಬ್ಬೆ ರಾಜಧಾನಿಯ ಅತ್ಯಂತ ಶ್ರೀಮಂತ ವಲಯದ ಹೆಣ್ಣುಮಗಳು, ಎರಡು ಶ್ರೀಮಂತ ಮನೆತನಗಳ ನಡುವಿನ ಕೊಂಡಿ.

ನಾಗದೇವ ತೀರಿಕೊಂಡ. ಗುಂಡಮಬ್ಬೆ ಅವನ ಚಿತೆಯನ್ನು ಏರಿದಳು. ಅತ್ತಿಮಬ್ಬೆ ಏರಲಿಲ್ಲ, ಮಗ ಅಣ್ಣಿಗದೇವನನ್ನು ಬೆಳೆಸಿದಳು. ರನ್ನನಿಂದ ಅಜಿತಪುರಾಣ ಬರೆಸಿದಳು, ಅದು ಮುಗಿದದ್ದು 993ರಲ್ಲಿ. ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಚಿನ್ನ, ರತ್ನದ 1500 ಜಿನಬಿಂಬ ಮಾಡಿಸಿದಳು ಎಂದೂ ಹೇಳುತ್ತಾರೆ. ಗದಗದಿಂದ ಹತ್ತು-ಹನ್ನೆರಡು ಕಿ.ಮೀ. ದೂರದ ಲಕ್ಕುಂಡಿಯಲ್ಲಿ, ಅಂದಿನ ಲೊಕ್ಕಿಗುಂಡಿಯಲ್ಲಿ, ಬ್ರಹ್ಮಜಿನಾಲಯ ಕಟ್ಟಿಸಿದಳು. ಅಲ್ಲಿಯ ಶಾಸನದ ಕಾಲ 1007, ಆಗ ಆಳುತ್ತಿದ್ದವನು ಸತ್ಯಾಶ್ರಯ.

ಈಗ ಈ ಪಟ್ಟಿಯ ಒಂದು ಸಾಲನ್ನು ಮತ್ತೆ ಓದಿ. ಅತ್ತಿಮಬ್ಬೆ ಯಾವ ಪುಸ್ತಕದ ಸಾವಿರ ಪ್ರತಿ ಮಾಡಿಸಿದಳು? ಸಿಕ್ಕ ಯಾವುದೋ ಪುರಾಣವನ್ನಲ್ಲ. ತನ್ನ ಅಪ್ಪ ಮತ್ತು ಚಿಕ್ಕಪ್ಪ ಹಣ ಕೊಟ್ಟು ಬರೆಸಿದ ಪುಸ್ತಕವನ್ನು. ನಾವು ಇದನ್ನು ಸಾಹಿತ್ಯ ಪ್ರೇಮ ಎಂದು ಕರೆದು ಮುಂದೆ ಹೋಗುತ್ತೇವೆ. ನನಗೆ ಕಾಣುವುದು ಬೇರೆ. ಆ ಕಾವ್ಯ ಅವಳ ತವರಿನ ಆಸ್ತಿ. ಪೊನ್ನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದಲ್ಲಿ ಉಭಯಕವಿಚಕ್ರವರ್ತಿ ಎನಿಸಿಕೊಂಡವನು. ಆ ಆಸ್ಥಾನವೇ ಅಳಿದು ಹೋಗಿತ್ತು. ಅಳಿದ ಮನೆತನದ ಕವಿಯ ಓಲೆಗರಿಯನ್ನು ಗೆದ್ದ ಮನೆತನದ ಕಾಲದಲ್ಲಿ ಯಾರು ಕಾಪಾಡಬೇಕು? ಗೆದ್ದಲು, ಮಳೆ, ಮರೆವು ಈ ಮೂರಕ್ಕೂ ಸಾಕಾಗುವಷ್ಟೇ ಪ್ರತಿಗಳು ಇದ್ದಿರಬೇಕು. ಮದುವೆಯಾಗಿ ಬೇರೆ ಮನೆ ಸೇರಿದ ಮಗಳು ಅದನ್ನು ತನ್ನದೆಂದು ತಿಳಿದಳು. ತನ್ನದೆಂದು ತಿಳಿದದ್ದಕ್ಕೇ ಸಾವಿರ ಪ್ರತಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಮಾತಿನ ಲೋಕದಲ್ಲಿ ನಿಂತು ನೋಡಿದರೆ ಇದು ದಾನವಲ್ಲ, ವಾರಸುದಾರಿಕೆ. ಮಲ್ಲಪಯ್ಯನ ವಾರಸಾ ಹಚ್ಚಿಸಿಕೊಂಡವಳು ಅವಳು.

ಇನ್ನು ಆ ಸಾವಿರದ ಮಾತು. ಸಾವಿರ ಎನ್ನುವುದು ನಾಲಗೆಗೆ ಹಗುರ. ಸ್ವಲ್ಪ ಲೆಕ್ಕ ಹಾಕಿ. ಓಲೆಗರಿಯನ್ನು ಮರದಿಂದ ಇಳಿಸಬೇಕು, ಹದ ಮಾಡಬೇಕು, ಒಂದೇ ಅಳತೆಗೆ ಕತ್ತರಿಸಬೇಕು, ತೂತು ಕೊರೆದು ದಾರ ಪೋಣಿಸಬೇಕು. ಕಂಠದಿಂದ ಅಕ್ಷರ ಕೊರೆಯಬೇಕು, ಕೊರೆದದ್ದಕ್ಕೆ ಮಸಿ ತುಂಬಬೇಕು. ಮೂಲದ ಜೊತೆ ಓದಿ ತಿದ್ದಬೇಕು. ಒಂದು ಚಂಪೂಕಾವ್ಯದ ಒಂದು ಪ್ರತಿಗೆ ಒಬ್ಬ ಲಿಪಿಕಾರನಿಗೆ ಎರಡು ತಿಂಗಳು ಸಾಕು ಎಂದೇ ಹಿಡಿಯಿರಿ. ಸಾವಿರ ಪ್ರತಿಗೆ 2000 ತಿಂಗಳು, ಅಂದರೆ 160 ವರ್ಷಕ್ಕೂ ಮಿಗಿಲು. 50 ಜನರನ್ನು ಒಟ್ಟಿಗೆ ಕೂರಿಸಿದರೂ ಮೂರು ವರ್ಷ ದಾಟುತ್ತದೆ. ಅಷ್ಟು ದಿನ ಅವರಿಗೂ ಅವರ ಮನೆಯವರಿಗೂ ಜೋಳ, ಎಣ್ಣೆ, ಬಟ್ಟೆ ಬೇಕು. ಯಾರು ಎಷ್ಟು ಬರೆದರು ಎಂದು ನೋಡಿಕೊಳ್ಳುವವರು ಬೇಕು. ಬರೆದಾದ ಮೇಲೆ ಕಟ್ಟುಗಳನ್ನು ಊರೂರಿಗೆ ಒಯ್ಯಲು ಎತ್ತು, ಬಂಡಿ, ಕಾವಲು ಬೇಕು.

ಇಷ್ಟನ್ನೂ ಕಣ್ಣೀರು ಹಾಕುತ್ತ ಮೂಲೆಯಲ್ಲಿ ಕೂತ ವಿಧವೆ ಮಾಡಲಾರಳು. ತನ್ನ ಭೂಮಿ ಎಷ್ಟು, ಹುಟ್ಟುವಳಿ ಎಷ್ಟು, ಖರ್ಚು ಎಷ್ಟು ಎಂದು ತಿಳಿದ, ನಾಲ್ಕು ಜನರಿಗೆ ಅಪ್ಪಣೆ ಕೊಡಬಲ್ಲ, ಕೊಟ್ಟ ಅಪ್ಪಣೆ ನಡೆಯಿತೋ ಇಲ್ಲವೋ ಎಂದು ಕೇಳಬಲ್ಲ ಒಡತಿ ಮಾತ್ರ ಮಾಡಬಲ್ಲಳು. ಲಕ್ಕುಂಡಿ ಟಂಕಸಾಲೆಯ ಊರು, ಲೊಕ್ಕಿ ಗದ್ಯಾಣ ಎಂಬ ನಾಣ್ಯಕ್ಕೇ ಅದರ ಹೆಸರಿದೆ. ಅಂಥ ಊರಿನಲ್ಲಿ ಕಲ್ಲಿನ ಬಸದಿ ಎಬ್ಬಿಸಿದ ಹೆಣ್ಣಿಗೆ ಹಣದ ವ್ಯವಹಾರ ತಿಳಿಯದು ಎಂದು ನಂಬುವುದು ಭಕ್ತಿಯಲ್ಲ, ದಡ್ಡತನ. ಆದರೂ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ರಾಜರು 'ಆಶ್ರಯ ಕೊಟ್ಟರು', ಮಂತ್ರಿಗಳು 'ಪೋಷಿಸಿದರು', ಅತ್ತಿಮಬ್ಬೆ ಮಾತ್ರ 'ದಾನ ಮಾಡಿದಳು'. ರನ್ನನಿಗೆ ಚಾವುಂಡರಾಯನೂ ಆಶ್ರಯದಾತ, ಅತ್ತಿಮಬ್ಬೆಯೂ ಆಶ್ರಯದಾತೆ. ಬಳೆಗಾರರ ಮನೆಯ ಹುಡುಗನೊಬ್ಬನ ಪ್ರತಿಭೆಯನ್ನು ಗುರುತಿಸಿ ಅವನ ಕಾವ್ಯಕ್ಕೆ ಹಣ ಹೂಡಿದ ಇಬ್ಬರಲ್ಲಿ ಒಬ್ಬನದು ರಸಿಕತೆ, ಇನ್ನೊಬ್ಬಳದು ಪುಣ್ಯ. ಇದು ಯಾವ ನ್ಯಾಯ?

ಇಲ್ಲಿ ಒಬ್ಬ ವಿದ್ಯಾರ್ಥಿ ಕೈ ಎತ್ತುತ್ತಾನೆ ಎಂದು ನನಗೆ ಗೊತ್ತು. ಸರ್, ಆ ಸಂಪತ್ತು ಎಲ್ಲಿಂದ ಬಂತು? ಯಾರ ಬೆವರು? ಸರಿಯಾದ ಪ್ರಶ್ನೆ. ನಾನು ಅತ್ತಿಮಬ್ಬೆಯನ್ನು ಒಂದು ಪೀಠದಿಂದ ಇಳಿಸಿ ಇನ್ನೊಂದರ ಮೇಲೆ ಕೂರಿಸಲು ಹೊರಟಿಲ್ಲ. ದಂಡನಾಯಕನ ಮನೆಯ ಹಣ ಯುದ್ಧದ ಹಣ. ಅದಕ್ಕೆ ಸುಲಿಗೆಯ ವಾಸನೆ ಇರುತ್ತದೆ. ಭೂಮಿಯ ಹುಟ್ಟುವಳಿಯ ಹಿಂದೆ ಹೆಸರಿಲ್ಲದ ಒಕ್ಕಲು ಇರುತ್ತಾನೆ, ಅವನ ಹೆಂಡತಿ ಇರುತ್ತಾಳೆ. ಒಡತಿ ಎಂದು ಕರೆದಾಗ ಮಾತ್ರ ಈ ಪ್ರಶ್ನೆ ಕೇಳಲು ಸಾಧ್ಯ ಎಂಬುದನ್ನು ಗಮನಿಸಿ. ದಾನಿ ಎಂದು ಕರೆದರೆ ಲೆಕ್ಕ ಕೇಳುವ ಬಾಯಿ ಮುಚ್ಚುತ್ತದೆ. ದಾನಿಗೆ ಕೈ ಮುಗಿಯುತ್ತೇವೆ, ಒಡೆಯನಿಗೆ ಲೆಕ್ಕ ಕೇಳುತ್ತೇವೆ. ಅತ್ತಿಮಬ್ಬೆ ಲೆಕ್ಕ ಕೊಡಬೇಕಾದವಳು, ಅಷ್ಟು ದೊಡ್ಡವಳು.

ಅವಳ ಕಾಲದ ಲೋಕ ಹೆಣ್ಣನ್ನು ಎಲ್ಲಿಟ್ಟಿತ್ತು ಎಂದು ತಿಳಿಯಬೇಕಾದರೆ ವೀರಗಲ್ಲುಗಳನ್ನು ನೋಡಬೇಕು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಊರುಗಳಲ್ಲಿ ದೇವಸ್ಥಾನದ ಹಿಂದೆ, ಕೆರೆಯ ಏರಿಯ ಮೇಲೆ ಅವು ಒರಗಿ ನಿಂತಿರುತ್ತವೆ. ಕನ್ನಡ ವೀರಗಲ್ಲುಗಳಲ್ಲಿ ಸಾವಿನ ಕಾರಣವಾಗಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಒಂದು ತುರುಗೋಳ್, ಅಂದರೆ ದನಗಳ ಸೂರೆ. ಇನ್ನೊಂದು ಪೆಣ್ಬುಯ್ಯಲ್, ಹೆಣ್ಣಿನ ಮೇಲಿನ ದಾಳಿ. ಸೂರೆ ಮಾಡುವವನಿಗೆ ಎರಡೂ ಸೊತ್ತು, ಕಾಯುವವನಿಗೂ ಎರಡೂ ಸೊತ್ತು. ದನ ಮತ್ತು ಹೆಣ್ಣು ಒಂದೇ ಪಟ್ಟಿಯಲ್ಲಿ. ಮುಂದೆ ಇದೇ ಗದುಗಿನಲ್ಲಿ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ಬರೆದಾಗ, ಅವನ ದ್ರೌಪದಿ ಸಭೆಯಲ್ಲಿ ನಿಂತು ಎತ್ತುವ ಪ್ರಶ್ನೆಯೂ ಮೂಲದಲ್ಲಿ ಒಡೆತನದ ಪ್ರಶ್ನೆಯೇ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿಯದು? ನಾವು ಆ ಪ್ರಸಂಗದಲ್ಲಿ ಸೀರೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಪ್ರಶ್ನೆಗೆ ಸಭೆ ಕೊಡದ ಉತ್ತರವನ್ನು ಮರೆತಿದ್ದೇವೆ.

ಸೊತ್ತಾಗಿದ್ದವಳು ಸೊತ್ತಿಗೆ ಒಡತಿಯಾದದ್ದು ಅತ್ತಿಮಬ್ಬೆಯ ಬದುಕಿನ ನಿಜವಾದ ಪವಾಡ. ಗೋದಾವರಿ ನಿಂತದ್ದಲ್ಲ. ಆ ಪವಾಡದ ಬೆಲೆ ಎಷ್ಟೆಂದು ತಿಳಿಯಲು ಪಕ್ಕದಲ್ಲೇ ಗುಂಡಮಬ್ಬೆ ಇದ್ದಾಳೆ. ಒಂದೇ ತವರು, ಒಬ್ಬನೇ ಗಂಡ, ಒಂದೇ ಸಾವು. ಒಬ್ಬಾಕಿ ಬೂದಿಯಾದಳು, ಇನ್ನೊಬ್ಬಾಕಿಯ ಹೆಸರು ಕಲ್ಲಿನಲ್ಲಿ ಉಳಿಯಿತು. ನಮ್ಮ ಭಾಷಣಗಳಲ್ಲಿ ಗುಂಡಮಬ್ಬೆಗೆ ಒಂದು ವಾಕ್ಯ, ಅದೂ ಅತ್ತಿಮಬ್ಬೆಯ ಕಥೆಗೆ ಕರುಣರಸ ತುಂಬಲು. ಆದರೆ ಅವಳದೇ ಈ ಕಥೆಯ ಅತ್ಯಂತ ಕಠಿಣ ಪಾಠ. ಬದುಕಿ ಉಳಿದ ಹೆಂಡತಿ ಪಾಲು ಕೇಳುತ್ತಾಳೆ, ಮನೆತನ ನಡೆಸುತ್ತಾಳೆ, ಹಣ ಎಲ್ಲಿ ಖರ್ಚಾಗಬೇಕೆಂದು ತೀರ್ಮಾನಿಸುತ್ತಾಳೆ. ಚಿತೆ ಏರಿದವಳು ಏನೂ ಕೇಳುವುದಿಲ್ಲ. ಪೂರ್ತಿ ಕೊಟ್ಟವಳು ಯಾರು ಎಂದರೆ ಗುಂಡಮಬ್ಬೆಯೇ. ಹೆಣ್ಣಿನ ದಾನವನ್ನು ಹೊಗಳುವ ನಾಲಗೆ ಕೊನೆಗೆ ಹೋಗಿ ಮುಟ್ಟುವುದು ಆ ಬೆಂಕಿಯನ್ನು.

ಅತ್ತಿಮಬ್ಬೆ ಒಬ್ಬಳೇ ವಿಶೇಷ, ಉಳಿದ ಹೆಣ್ಣುಗಳಿಗೆ ಏನೂ ಇರಲಿಲ್ಲ ಎನ್ನುವುದೂ ಇದೇ ಮರೆವಿನ ಇನ್ನೊಂದು ಬಗೆ. ಲಕ್ಷ್ಮೇಶ್ವರಕ್ಕೆ ಹೋಗಿ. ಕವಿರಾಜಮಾರ್ಗ ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದಾದ ಪುಲಿಗೆರೆ ಅದು. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಅಲ್ಲಿ ಆನೆಸೆಜ್ಜೆಯ ಬಸದಿ ಕಟ್ಟಿಸಿದಳು. ವಿಜಯಾದಿತ್ಯ ಆಳಿದ್ದು 696ರಿಂದ 733ರವರೆಗೆ. ಆಮೇಲೆ ಮೂರು ಶತಮಾನ ಕಳೆದು, ರಾಜವಂಶಗಳು ಎರಡು ಸಲ ಬದಲಾಗಿ, 1076ರ ಗುಡಿಗೇರಿ ಶಾಸನದಲ್ಲಿ ಆ ಬಸದಿಯ ಭೂಮಿಯ ಮಾತು ಬಂದಾಗಲೂ ಕಟ್ಟಿಸಿದವಳ ಹೆಸರನ್ನು ಬಿಡಲಿಲ್ಲ. ಭೂಮಿಯ ಕಾಗದದಲ್ಲಿ ಒಬ್ಬ ಹೆಣ್ಣಿನ ಹೆಸರು ಮುನ್ನೂರೈವತ್ತು ವರ್ಷದ ಹತ್ತಿರ ಉಳಿಯಿತು. ನಮ್ಮ ಮನೆಯ ಉತಾರದಲ್ಲಿ ಅಕ್ಕಂದಿರ ಹೆಸರು ಉಳಿದದ್ದು ಹನ್ನೊಂದು ವಾರ.

ಇದೇ ಜಿಲ್ಲೆಯ ಸೂಡಿಗೆ ಹೋಗಿ. ಗುಣದಬೆಡಂಗಿ ಎಂಬ ಬಿರುದಿನ ಅಕ್ಕಾದೇವಿ, ಕಲ್ಯಾಣ ಚಾಲುಕ್ಯರ ಜಯಸಿಂಹನ ಅಕ್ಕ, ಕಿಸುಕಾಡು ಎಪ್ಪತ್ತನ್ನು ಆಳಿದಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಅತ್ತಿಮಬ್ಬೆಯ ಬಸದಿಗೂ ಅಕ್ಕಾದೇವಿಯ ಸೂಡಿಗೂ ನಡುವೆ ಒಂದು ದಿನದ ಬಂಡಿ ದಾರಿ, ಕೆಲವೇ ವರ್ಷಗಳ ಅಂತರ. ಇವರೆಲ್ಲ ರಾಜಮನೆತನದವರು, ಮಂತ್ರಿಗಳ ಮನೆಯವರು, ಸಾಮಾನ್ಯರಲ್ಲ. ಒಪ್ಪಿದೆ. ಆದರೆ ಸಾಮಾನ್ಯ ಹೆಣ್ಣಿನ ಮಾತನ್ನೂ ಎತ್ತಿದವನು ಇದೇ ಚಾಲುಕ್ಯರ ಆಸ್ಥಾನದಲ್ಲಿದ್ದ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಹೇಳಿದ ಗ್ರಂಥ ಅದೇ, ನಿಜ. ಆದರೆ ಸ್ತ್ರೀಧನ ಎಂದರೆ ತವರಿನವರು ಪ್ರೀತಿಯಿಂದ ಕೊಟ್ಟ ಒಡವೆ ಮಾತ್ರವಲ್ಲ, ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಿಂದ ಬಂದದ್ದು ಎಲ್ಲವೂ ಹೆಣ್ಣಿನ ಸೊತ್ತೇ ಎಂದು ಹಿಗ್ಗಿಸಿ ಹೇಳಿದವನೂ ಅವನೇ. ಮೊದಲ ಮಾತನ್ನು ಸಮಾಜ ಎದೆಗೆ ಅಪ್ಪಿಕೊಂಡಿತು. ಎರಡನೆಯದನ್ನು ಪಂಡಿತರು ಕುಗ್ಗಿಸಿದರು, ಆಮೇಲೆ ಬ್ರಿಟಿಷರ ನ್ಯಾಯಾಲಯಗಳು ಇನ್ನಷ್ಟು ಕುಗ್ಗಿಸಿದವು. ಪಾಶ್ಚಾತ್ಯರಿಂದಲೇ ಹೆಣ್ಣಿಗೆ ಆಸ್ತಿ ಬಂತು ಎನ್ನುವವರಿಗೆ ಒಂದು ಮಾತು: ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ತನ್ನ ಆಸ್ತಿಯನ್ನು ತನ್ನ ಹೆಸರಿನಲ್ಲೇ ಇಟ್ಟುಕೊಳ್ಳಲು 1882ರ ಕಾಯ್ದೆ ಬರಬೇಕಾಯಿತು. ನಮ್ಮ ಸಂಪ್ರದಾಯವೇ ಹೀಗೆ ಎನ್ನುವವರಿಗೆ ಇನ್ನೊಂದು ಮಾತು: ನಮ್ಮ ಸಂಪ್ರದಾಯದಲ್ಲಿ ಅತ್ತಿಮಬ್ಬೆ ಇದ್ದಾಳೆ, ಅಕ್ಕಾದೇವಿ ಇದ್ದಾಳೆ, ವಿಜ್ಞಾನೇಶ್ವರನ ಆ ಹಿಗ್ಗಿದ ಸಾಲು ಇದೆ. ನೀವು ಆರಿಸಿಕೊಂಡದ್ದು ಬೇರೆಯದನ್ನು.

ಈಗಿನ ಕಾನೂನು ಏನು ಹೇಳುತ್ತದೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಪಾಲಿನಲ್ಲಿ ಮಗಳಿಗೂ ವಾರಸು ಕೊಟ್ಟಿತು. 1994ರಲ್ಲಿ ಕರ್ನಾಟಕ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ತಿದ್ದುಪಡಿ ಆ ಗೋಡೆಯನ್ನೂ ಕೆಡವಿತು. ಆ ತಿದ್ದುಪಡಿ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕಾನೂನಿನ ದಾರಿ ಇಷ್ಟು ದೂರ ಬಂದಿದೆ. ನಾವು ಮಾತ್ರ ದಾರಿಯ ತುದಿಯಲ್ಲಿ ಒಂದು ಬೇವಿನ ಗಿಡ ನೆಟ್ಟು, ಅದರ ಕೆಳಗೆ ಹಕ್ಕು ಬಿಡುಗಡೆ ಪತ್ರ ಹಿಡಿದು ಕೂತಿದ್ದೇವೆ. ಕಾನೂನು ಒಂದು ಕೈಯಲ್ಲಿ ಕೊಟ್ಟದ್ದನ್ನು ಇಳಕಲ್ ಸೀರೆಯಲ್ಲಿ ಸುತ್ತಿ ವಾಪಸು ಪಡೆಯುತ್ತೇವೆ.

ಇದಕ್ಕೆ ಗಂಡಸರಾದ ನಾವು ಕೊಡುವ ಸಮರ್ಥನೆಗಳು ನನಗೆ ಬಾಯಿಪಾಠ. ಯಾಕೆಂದರೆ ಎಲ್ಲವನ್ನೂ ನಾನೇ ಹೇಳಿದ್ದೇನೆ. ಮದುವೆಯಲ್ಲಿ ಕೊಟ್ಟಾಗಿದೆ ಎನ್ನುತ್ತೇವೆ. ಕೊಟ್ಟದ್ದು ಅಕ್ಕನ ಕೈಗಲ್ಲ, ಬೀಗರ ಕೈಗೆ. ವರದಕ್ಷಿಣೆಯನ್ನು 1961ರಲ್ಲೇ ನಿಷೇಧಿಸಲಾಗಿದೆ. ಕಾನೂನು ಬೇಡವೆಂದದ್ದನ್ನು ಯಾರಿಗೋ ಕೊಟ್ಟು, ಕಾನೂನು ಕೊಡಲೇಬೇಕೆಂದದ್ದನ್ನು ಅಕ್ಕನಿಂದ ಕಿತ್ತುಕೊಳ್ಳುವ ಲೆಕ್ಕ ಇದು. ಹೊಲ ತುಂಡಾಗುತ್ತದೆ ಎನ್ನುತ್ತೇವೆ. ನಾಲ್ವರು ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಂಡಾಗ ಈ ಚಿಂತೆ ಎಲ್ಲಿರುತ್ತದೆ? ಆಕೆ ಬಂದು ಉಳುಮೆ ಮಾಡುತ್ತಾಳೇನು ಎನ್ನುತ್ತೇವೆ. ಉತಾರದಲ್ಲಿ ಹೆಸರಿರುವ ಎಷ್ಟು ಗಂಡಸರು ಗದಗ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಹೊಲವನ್ನು ಲಾವಣಿಗೆ ಕೊಟ್ಟಿಲ್ಲ? ನಾನೇ ಕೊಟ್ಟಿದ್ದೇನೆ. ನಿಜವಾಗಿ ಉಳುವ, ಕಳೆ ತೆಗೆಯುವ, ಹತ್ತಿ ಬಿಡಿಸುವ, ಮೆಣಸಿನಕಾಯಿ ಒಣಹಾಕುವ ಕೈಗಳು ಯಾರವು ಎಂದು ಸುಗ್ಗಿಯ ದಿನ ಯಾವ ಎರಿ ಹೊಲದ ಬದುವಿನಲ್ಲಿ ನಿಂತು ನೋಡಿದರೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸಮರ್ಥನೆ ತವರು. ಪಾಲು ಕೇಳಿದರೆ ತವರು ಕಡಿದುಹೋಗುತ್ತದೆ. ನಾಗರ ಪಂಚಮಿಗೆ ಕರೆಯುವವರು ಯಾರು, ಕಷ್ಟ ಬಂದರೆ ಬಾಗಿಲು ತೆರೆಯುವವರು ಯಾರು? ಈ ಮಾತಿನ ಕ್ರೌರ್ಯ ನನಗೆ ತಡವಾಗಿ ತಿಳಿಯಿತು. ಅಕ್ಕ ಹುಟ್ಟಿದ ಮನೆಗೆ ಬಂದು ಹೋಗುವುದಕ್ಕೆ ನಾವು ಒಂದು ದರ ಗೊತ್ತು ಮಾಡಿದ್ದೇವೆ. ಆ ದರ ಅವಳ ಪಾಲಿನ ಹೊಲ. ತಮ್ಮನ ಪ್ರೀತಿಗೆ ಎಕರೆ ಲೆಕ್ಕದಲ್ಲಿ ಹಣ ಕಟ್ಟಿದ ಮೇಲೆ ಅವಳ ಉಡಿಗೆ ಅಕ್ಕಿ ಬೀಳುತ್ತದೆ. ಕಪ್ಪತಗುಡ್ಡದ ಸುತ್ತ ಮಸಾರಿ ನೆಲದ ಮೇಲೆ ಗಾಳಿಯ ಫ್ಯಾನುಗಳು ಎದ್ದು ನಿಂತಿವೆ. ತುಂಗಭದ್ರೆಯ ನೀರು ಏತ ನೀರಾವರಿಯಲ್ಲಿ ಮುಂಡರಗಿಯ ಕಡೆಗೆ ಹತ್ತುತ್ತಿದೆ. ನಿನ್ನೆಯವರೆಗೆ ಯಾರೂ ಕೇಳದ ನೆಲಕ್ಕೆ ಬೆಲೆ ಬಂದಿದೆ. ಬಾಡಿಗೆಯಾಗಲಿ ಪರಿಹಾರವಾಗಲಿ ಹೋಗುವುದು ಉತಾರದಲ್ಲಿ ಹೆಸರಿದ್ದವರಿಗೆ. ಹೆಸರು ಬಿಟ್ಟುಕೊಟ್ಟವಳಿಗೆ ಮುಂದಿನ ಪಂಚಮಿಗೆ ಇನ್ನೊಂದು ಸೀರೆ.

ಜೈನಧರ್ಮದ ಅಪರಿಗ್ರಹವನ್ನು ತಿಳಿದ ಹಿರಿಯರೊಬ್ಬರು ನನಗೆ ಹೇಳಿದರು: ನೀನು ಅತ್ತಿಮಬ್ಬೆಯನ್ನು ಆಸ್ತಿಗೆ ಇಳಿಸುತ್ತಿದ್ದೀಯ, ಅವಳ ಹಿರಿಮೆ ಇದ್ದದ್ದು ಆಸ್ತಿಯ ಮೋಹ ಬಿಟ್ಟದ್ದರಲ್ಲಿ. ನಾನು ಆ ಮಾತನ್ನು ಗೌರವದಿಂದಲೇ ತಿರುಗಿಸುತ್ತೇನೆ. ಬಿಡುವುದಕ್ಕೂ ಮೊದಲು ಕೈಯಲ್ಲಿ ಇರಬೇಕು. ಬಾಹುಬಲಿ ಗೆದ್ದ ರಾಜ್ಯವನ್ನು ಬಿಟ್ಟ, ಆದ್ದರಿಂದ ಅದು ತ್ಯಾಗ. ಗೆಲ್ಲುವ ಮೊದಲೇ ಅಣ್ಣನ ಕಾಲಿಗೆ ಬಿದ್ದಿದ್ದರೆ ಅದಕ್ಕೆ ಬೇರೆ ಹೆಸರಿರುತ್ತಿತ್ತು. ಅತ್ತಿಮಬ್ಬೆ ಏನು ಕೊಡಬೇಕು, ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂದು ತಾನೇ ನಿರ್ಧರಿಸಿದಳು. ಪುಸ್ತಕಕ್ಕೆ ಕೊಟ್ಟಳು, ಕವಿಗೆ ಕೊಟ್ಟಳು, ಕಲ್ಲುಕುಟಿಗನಿಗೆ ಕೊಟ್ಟಳು. ಅಣ್ಣತಮ್ಮಂದಿರಿಗೆ ಹೆಬ್ಬೆಟ್ಟು ಒತ್ತಿ ಕೊಟ್ಟದ್ದು ಎಲ್ಲೂ ಕಾಣುವುದಿಲ್ಲ. ಅವಳ ಹೆಸರು ಹೇಳಿ ಅಕ್ಕಂದಿರ ಸಹಿ ಪಡೆಯುವುದು ಅವಳಿಗೆ ಮಾಡುವ ಅವಮಾನ.

ಸಾಹಿತ್ಯದ ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಅತ್ತಿಮಬ್ಬೆಯ ಪಾಠ ಬರೆಯುವಾಗ ಮೊದಲ ವಾಕ್ಯದಲ್ಲಿ ಒಡತಿ ಎಂದು ಬರೆಯಿರಿ. ಅವಳನ್ನು ಕನ್ನಡದ ಮೊದಲ ದೊಡ್ಡ ಪ್ರಕಾಶಕಿ ಎಂದು ಕರೆಯಿರಿ. ಗುಂಡಮಬ್ಬೆಗೆ ಒಂದು ಪುಟ ಕೊಡಿ. ಅವಳ ಹೆಸರಿನ ಪ್ರಶಸ್ತಿ ಪಡೆದವರನ್ನು ಹೊಗಳುವಾಗ ತ್ಯಾಗ, ಸಹನೆ ಎಂಬ ಪದಗಳಿಗೆ ಒಂದು ವರ್ಷ ರಜೆ ಕೊಡಿ. ಹಾಗೂ ಗಂಡು ಹುಡುಗರು ಈ ಪಾಠ ಓದಿ ಮನೆಗೆ ಹೋದಾಗ ಉತಾರ ತೆಗೆದು ನೋಡಲಿ.

ನಾನು ನೋಡಿದೆ. ನೋಡಿದ ಮೇಲೆ ಸುಮ್ಮನಿರಲಾಗದೆ ಕಳೆದ ಬೇಸಿಗೆಯಲ್ಲಿ ಒಬ್ಬ ವಕೀಲರನ್ನು ಕೇಳಿದೆ. ಬಿಡುಗಡೆ ಪತ್ರ ನೋಂದಣಿಯಾಗಿದೆ, ಹೊಲ ಈಗ ನಿಮ್ಮದು, ಅಕ್ಕಂದಿರಿಗೆ ಕೊಡಬೇಕೆಂದರೆ ಒಂದೇ ಸರಳ ದಾರಿ, ದಾನಪತ್ರ ಮಾಡಿಕೊಡಿ ಎಂದರು. ಮುಂಡರಗಿ ಕಡೆಯ ದೊಡ್ಡಕ್ಕನಿಗೆ ಫೋನು ಮಾಡಿ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಲಿಲ್ಲ. ಆಮೇಲೆ ಅಕ್ಕ ಅಂದಳು:

"ನನ್ನ ಪಾಲಿನ ಹೊಲಾ ನನಗ ದಾನ ಕೊಡ್ತೀಯೇನೋ ತಮ್ಮಾ? ಕಾಗದದ ಮ್ಯಾಲ ಬ್ಯಾರೆ ಹೆಸರು ಬರಸು. ಆಮ್ಯಾಲ ಬರ್ತೀನಿ."

ಆ ಬೇರೆ ಹೆಸರು ಏನೆಂದು ವಕೀಲರಿಗೂ ಗೊತ್ತಿಲ್ಲ, ಎಂ.ಎ. ಓದಿದ ನನಗೂ ಹೊಳೆದಿಲ್ಲ. ಹೊಳೆಯುವ ತನಕ ಅಕ್ಕ ಕಾಯಬೇಕಿಲ್ಲ. ಮುಂದಿನ ವಾರ ದಾನಪತ್ರವನ್ನೇ ಬರೆಸುತ್ತೇನೆ, ಆ ಪದ ತಪ್ಪು ಎಂದು ಅವಳೆದುರು ಒಪ್ಪಿಕೊಂಡು.